ಹೊಸ ಹನ್ನೊಂದೋ, ಹಳೇ ಹನ್ನೊಂದೋ

ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ಹಿರಿಯೂರಿನ ಬಸ್ ನಿಲ್ದಾಣದಲ್ಲಿ. ಚಿತ್ರದುರ್ಗದ ಬಸ್ಸಿಗೆ ಕಾಯುತ್ತಾ ಮೊಬೈಲ್ ತೆಗೆದರೆ ಹಳೆಯ ಕಚೇರಿಯ ಗುಂಪಿನಲ್ಲಿ ಅವರ ಫೋಟೋ, ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ನಾನೂ ಒಂದು ಒತ್ತಿದೆ. ಒತ್ತಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರು ನನ್ನನ್ನು ಕೇಳಿದ್ದು ಇಂಥ ಚಿತ್ರವಲ್ಲ, ಅರ್ಧ ಪುಟದ ಒಂದು ಕಾಗದ. ‘ತಪ್ಪು ಇವರದಲ್ಲ, ನನ್ನದು’ ಎಂದು ಬರೆದು ಸಹಿ ಹಾಕಿ ಕೊಡಬೇಕಾದ ಕಾಗದ. ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಅವರು ನಿವೃತ್ತಿಯಾದರು, ಆಮೇಲೆ ಸತ್ತೂ ಹೋದರು. ಕಾಗದ ನನ್ನ ಬಳಿಯೇ ಇತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಬರೆಯಬೇಕಾದ ಕಡೆ ಬರೆಯದೆ ಈಗ ಬರೆದು ದೊಡ್ಡವಳಾಗುವುದು ಬೇಡ. ಕಚೇರಿ ಯಾವುದು ಎಂದೂ ಹೇಳುವುದಿಲ್ಲ, ಏಕೆಂದರೆ ತಪ್ಪು ಮಾಡಿದ್ದು ಕಚೇರಿಯಲ್ಲ. ಹಳ್ಳಿಗಳಲ್ಲಿ ಅವರನ್ನು ಜ್ವರದಣ್ಣ ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನಾನು ಬಿದ್ದೂ ಬಿದ್ದೂ ನಕ್ಕಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಕಂಪ್ಯೂಟರ್ ಬರುತ್ತದೆ ಎಂಬ ಜಂಬ ಬೇರೆ. ಆರೋಗ್ಯ ಇಲಾಖೆಯಲ್ಲಿ ಗುತ್ತಿಗೆಯ ಮೇಲೆ ಡಾಟಾ ಎಂಟ್ರಿ ಕೆಲಸ. ದಿನಾ ಬೆಳಿಗ್ಗೆ ಚಿತ್ರದುರ್ಗದಿಂದ ಹೊಳಲ್ಕೆರೆ ದಾಟಿ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಾ ಹೋಗುತ್ತಿದ್ದವಳು ನಾನು.

ಅವರದು ಮನೆ ಮನೆಗೆ ಹೋಗಿ ಜ್ವರ ಬಂದವರನ್ನು ಹುಡುಕುವ ಕೆಲಸ. ಮತ್ತೋಡಿನ ಆಚೆಯ ಹತ್ತು ಹನ್ನೆರಡು ಹಟ್ಟಿಗಳು ಅವರ ಪಾಲಿಗೆ. ಹೆಗಲಿಗೊಂದು ಖಾಕಿ ಚೀಲ, ಅದರೊಳಗೆ ಗಾಜಿನ ಪಟ್ಟಿಗಳ ಪೆಟ್ಟಿಗೆ, ಸೂಜಿ, ಹತ್ತಿ, ಸ್ಪಿರಿಟ್ಟು. ಜ್ವರ ಬಂದವರ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮಲೇರಿಯಾ ಪರೀಕ್ಷೆಗೆ ಕಳಿಸಬೇಕು, ಹೆಸರು ವಯಸ್ಸು ಬರೆದುಕೊಳ್ಳಬೇಕು, ಬಂದು ಹೋದ ಗುರುತಿಗೆ ಮನೆಯ ಬಾಗಿಲ ಹಿಂದೆ ಗೋಡೆಯ ಮೇಲೆ ತಾರೀಖು ಹಾಕಬೇಕು. ಅನೇಕರು ಊರ ಮುಂದಿನ ಅರಳಿಕಟ್ಟೆಯ ಮೇಲೆ ಕುಳಿತೇ ಇಡೀ ಊರಿನ ತಾರೀಖು ಹಾಕುತ್ತಿದ್ದ ಕಾಲ ಅದು. ಇವರು ಮಾತ್ರ ಪ್ರತಿ ಮನೆಯ ಬಾಗಿಲನ್ನೂ ಎಳೆದು, ಹಿಂದೆ ಬಗ್ಗಿ, ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಆ ಮನೆಯಲ್ಲಿ ಜ್ವರವಿದ್ದರೆ ತಾರೀಖಿನ ಪಕ್ಕ ಒಂದು ಚುಕ್ಕಿ. ಚುಕ್ಕಿ ಇಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ನನ್ನನ್ನು ಅವರ ಜೊತೆ ಕಳಿಸಿದ್ದರು, ಮನೆಗಳ ಪಟ್ಟಿ ಸರಿಯಾಗಿದೆಯೇ ನೋಡಿಕೊಂಡು ಬರಲು. ಜ್ವರ ಇದೆಯೇ ಎಂದು ಅವರು ಯಾರನ್ನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು, ‘ನಾನು ಹೋದ್ಸಾರಿ ಹೋದ್ಮೇಲೆ ಏನಾತು?’ ಎನ್ನುತ್ತಿದ್ದರು. ಅಷ್ಟು ಕೇಳಿದರೆ ಸಾಕು, ಹೆಂಗಸರು ಹದಿನೈದು ದಿನದ ಕಥೆಯನ್ನೆಲ್ಲ ಹೇಳುತ್ತಿದ್ದರು. ಸೊಸೆ ತವರಿಗೆ ಹೋದದ್ದು, ಮೇಕೆಗೆ ಕಾಲು ಉಳುಕಿದ್ದು, ಎಲ್ಲ. ಅದರ ನಡುವೆ ಎಲ್ಲೋ ಒಂದು ಕಡೆ ಜ್ವರ ಸಿಗುತ್ತಿತ್ತು. ಅವರು ಅಂಗೈಯ ಹಿಂಭಾಗವನ್ನು ರೋಗಿಯ ಹಣೆಗೆ ಇಟ್ಟು, ಆಮೇಲೆ ತಮ್ಮ ಹಣೆಗೇ ಇಟ್ಟುಕೊಂಡು, ಎರಡನ್ನೂ ಹೋಲಿಸಿ ನೋಡುತ್ತಿದ್ದರು. ಚೀಲದಲ್ಲಿ ಥರ್ಮಾಮೀಟರ್ ಇರಲಿಲ್ಲವೆಂದಲ್ಲ. ನಾನು ಕೇಳಿದ್ದಕ್ಕೆ, ‘ಅದು ಇವತ್ತಿಂದು ಹೇಳ್ತೈತೆ ತಾಯಿ. ಹೋದ್ಸಾರಿದು ನನ್ ಕೈಗೆ ಗೊತ್ತೈತೆ’ ಎಂದರು.

ಮಧ್ಯಾಹ್ನ ರಸ್ತೆ ಬದಿಯ ಅಂಗಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ‘ಅದು ಎಷ್ಟು ಸುತ್ತು ಸುತ್ತೈತೆ ಅಂತ ಎಣಿಸಾಕೆ ಮೀಟರ್ ಇಟ್ಟವ್ರೆ. ನಮ್ ಜನಕ್ಕೆ ಜ್ವರ ಎಷ್ಟು ಸುತ್ತು ಬಂತು ಅಂತ ಎಣಿಸಾಕೆ ಯಾರೂ ಏನೂ ಇಟ್ಟಿಲ್ಲ ನೋಡ್ರಿ’ ಎಂದು ನಕ್ಕರು. ಅದು ಬರೀ ತಮಾಷೆ ಎಂದುಕೊಂಡು ನಾನೂ ನಕ್ಕೆ.

ತಮಾಷೆಯಲ್ಲ ಎಂಬುದು ಮುಂದಿನ ತಿಂಗಳ ಸಭೆಯಲ್ಲಿ ಗೊತ್ತಾಯಿತು. ತಿಂಗಳ ಸಭೆಯೆಂದರೆ ನಮ್ಮಲ್ಲಿ ಟೀ ಬರುವವರೆಗೆ ಅಂಕಿ ಓದುವುದು, ಟೀ ಬಂದ ಮೇಲೆ ಎದ್ದು ಹೋಗುವುದು. ಅವರ ಸರದಿ ಬಂದಾಗ ನಾನು ಓದಿದೆ. ಒಂದು ಹಟ್ಟಿಯಲ್ಲಿ ಜ್ವರ ಹನ್ನೊಂದು, ಮಲೇರಿಯಾ ಸೊನ್ನೆ. ಅವರು ಕೈ ಎತ್ತಿದರು.

‘ಹೋದ ತಿಂಗ್ಳೂ ಹನ್ನೊಂದೇ ಓದಿದ್ರಿ ಮೇಡಂ. ಅದರ ಹಿಂದಿನ ತಿಂಗ್ಳೂ ಹನ್ನೊಂದು. ಇದು ಹೊಸ ಹನ್ನೊಂದೋ, ಹಳೇ ಹನ್ನೊಂದೋ?’

ಸಭೆಯಲ್ಲಿ ನಗು ಎದ್ದಿತು. ಮೇಲಧಿಕಾರಿಗಳು, ‘ಏನಪ್ಪ, ಜ್ವರದಾಗೂ ಹೊಸ ಸ್ಟಾಕು ಹಳೇ ಸ್ಟಾಕು ಅಂತ ಐತಾ?’ ಎಂದರು. ಇನ್ನಷ್ಟು ನಗು. ಇವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ‘ಹೊಸ ಹನ್ನೊಂದು ಜನ ಆದ್ರೆ ಜ್ವರ ಊರು ತುಂಬ ಓಡಾಡ್ತೈತೆ ಅಂತ ಅರ್ಥ. ಅದೇ ಹನ್ನೊಂದು ಜನ ಆದ್ರೆ ಅವ್ರಿಗೆ ವಾಸೀನೇ ಆಗ್ತಿಲ್ಲ ಅಂತ. ಎರಡಕ್ಕೂ ಒಂದೇ ಮಾತ್ರೆ ಕೊಟ್ಟು ಕಳಿಸ್ತಾ ಇದೀವಿ’ ಎಂದರು. ‘ಮತ್ತೆ ಬಂದವರು ಅಂತ ಒಂದು ಕಾಲಂ ಹಾಕ್ಕಂಡ್ರೆ ಸಾಕು.’ ಅಷ್ಟರಲ್ಲಿ ಟೀ ಬಂತು. ನಮೂನೆಯಲ್ಲಿ ಆ ಕಾಲಂ ಇಲ್ಲ ಎಂದು ನಾನು ಹೇಳಿದೆ. ನಮೂನೆಯನ್ನು ನಾನೇ ಬರೆದಿದ್ದೇನೋ ಎನ್ನುವ ಹಾಗೆ ಹೇಳಿದೆ.

ಸಭೆ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ಕುಳಿತರು. ಅವರದು ಕುರಿ ಸಾಕುವ ಮನೆ. ಅವರ ತಾಯಿಗೆ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲವಂತೆ. ಸಂಜೆ ಮಂದೆ ಮರಳುವಾಗ ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತು ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡುತ್ತಿದ್ದರಂತೆ, ಅಷ್ಟೆ. ಒಂದು ದಿನ ಇವರ ತಂದೆ ಎಣಿಸಿ ಎಲ್ಲ ಬಂದಿವೆ ಎಂದರೆ, ತಾಯಿ ಒಪ್ಪಲಿಲ್ಲ. ಕಿವಿ ಹರಿದದ್ದು ಬಂದಿಲ್ಲ ಎಂದು ಹಟ ಹಿಡಿದರು. ಹೋಗಿ ನೋಡಿದರೆ ಬೇರೆಯವರ ಮಂದೆಯ ಒಂದು ಕುರಿ ಇವರದರಲ್ಲಿ ಸೇರಿಕೊಂಡಿದೆ. ಇವರ ಕಿವಿ ಹರಿದದ್ದು ಹಳ್ಳದಲ್ಲಿ ಕಾಲು ಮುರಿದುಕೊಂಡು ಬಿದ್ದಿದೆ.

‘ನಮ್ಮಪ್ಪನ ಲೆಕ್ಕ ಸರಿ ಇತ್ತು ತಾಯಿ. ಆದ್ರೆ ಕುರಿ ಹಳ್ಳದಾಗಿತ್ತು’ ಎಂದರು. ಆಮೇಲೆ ತಮ್ಮ ಪಟ್ಟಿಯನ್ನು ತೋರಿಸಿದರು. ಎರಡನೆಯ ಸಲ ಬಂದ ಹೆಸರಿನ ಎಡಕ್ಕೆ ಒಂದು ಚುಕ್ಕಿ, ಮೂರನೆಯ ಸಲಕ್ಕೆ ಎರಡು. ಒಂದೇ ಹಟ್ಟಿಯ ಹನ್ನೊಂದು ಹೆಸರುಗಳಿಗೂ ಚುಕ್ಕಿಗಳಿದ್ದವು. ನಾನು ಆ ಪಟ್ಟಿಯನ್ನು ಮೇಲೆ ಕೆಳಗೆ ನೋಡಿ, ಆಯಿತು ನೋಡೋಣ ಸರ್ ಎಂದೆ. ನೋಡಲಿಲ್ಲ.

ಆ ವರ್ಷವೇ ಹೊಸ ಪದ್ಧತಿ ಬಂತು. ಅಲ್ಲಿಯವರೆಗೆ ತಿಂಗಳಿಗೊಂದು ಹಾಳೆ, ಹಾಳೆಯ ಕೆಳಗೆ ಒಟ್ಟು ಸಂಖ್ಯೆ. ಈಗ ಹಿಂದಿನ ಐದು ತಿಂಗಳ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಕಂಪ್ಯೂಟರಿಗೆ ಹಾಕಿ ಕಳಿಸಬೇಕಿತ್ತು. ಹೆಸರು, ವಯಸ್ಸು, ಊರು ಮೂರೂ ಒಂದೇ ಇದ್ದ ಸಾಲುಗಳನ್ನು ಅದು ಕೆಂಪಗೆ ತೋರಿಸುತ್ತಿತ್ತು. ಎರಡು ಸಲ ನಮೂದಾದ ಹೆಸರು ತೆಗೆದು ಕಳಿಸಿ ಎಂದು ಸುತ್ತೋಲೆ ಇತ್ತು. ಕೈತಪ್ಪಿ ಎರಡು ಸಲ ಹೊಡೆದದ್ದನ್ನು ತೆಗೆಯಿರಿ ಎಂದು ಅದರ ಅರ್ಥ. ಇವರ ಹಟ್ಟಿಯ ಪುಟ ತೆರೆದರೆ ಇಡೀ ಪರದೆ ಕೆಂಪು. ನನಗೆ ಬಂದದ್ದು ಸಿಟ್ಟು. ಈ ಮನುಷ್ಯ ಮನೆಗೆ ಹೋಗದೆ ಹಳೆಯ ಪಟ್ಟಿಯನ್ನೇ ತಿಂಗಳು ತಿಂಗಳು ನಕಲು ಮಾಡಿದ್ದಾರೆ ಎಂದುಕೊಂಡೆ. ಜೊತೆಗೆ ಹೋಗಿ ಕಣ್ಣಾರೆ ನೋಡಿ ಬಂದವಳಿಗೆ, ಚುಕ್ಕಿ ತೋರಿಸಿಕೊಂಡವಳಿಗೆ, ಅದು ಹೇಗೆ ಮರೆತುಹೋಯಿತೋ ಇಂದಿಗೂ ತಿಳಿಯದು. ಪರದೆಯಲ್ಲಿ ಬಲಗಡೆಯ ಕಾಲಂ ತಾರೀಖಿನದು. ಅಲ್ಲಿಗೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಹಾಯಿಸಲಿಲ್ಲ. ಒಂದು ಗುಂಡಿ ಒತ್ತಿದೆ, ಕೆಂಪೆಲ್ಲ ಹೋಯಿತು. ಐದು ತಿಂಗಳೂ ಜ್ವರದಲ್ಲಿ ಮಲಗಿದ್ದ ಹನ್ನೊಂದು ಜನ ಕಂಪ್ಯೂಟರಿನಲ್ಲಿ ಒಂದೊಂದೇ ಸಲ ಮಲಗಿ ಎದ್ದರು.

ಕಾಗದದ ಸಂಖ್ಯೆಗೂ ಕಂಪ್ಯೂಟರಿನ ಸಂಖ್ಯೆಗೂ ಯಾಕೆ ವ್ಯತ್ಯಾಸ ಎಂದು ಮೇಲಿನಿಂದ ಕೇಳಿದರು. ನಾನೇ ಟಿಪ್ಪಣಿ ಬರೆದೆ: ‘ಒಂದೇ ಹೆಸರುಗಳನ್ನು ಪದೇ ಪದೇ ಬರೆದು ಸಂಖ್ಯೆ ಹೆಚ್ಚಿಸಿರುತ್ತಾರೆ.’ ಅವರಿಗೆ ನೋಟೀಸು ಹೋಯಿತು. ನಮ್ಮ ಪಟ್ಟಿ ಜಿಲ್ಲೆಯಲ್ಲೇ ಅಚ್ಚುಕಟ್ಟು ಎಂದು ನನಗೆ ಸಭೆಯಲ್ಲಿ ಹೊಗಳಿಕೆ ಸಿಕ್ಕಿತು.

ನೋಟೀಸು ತಲುಪಿದ ಮರುದಿನ ಅವರು ಬಂದರು. ಜಗಳ ಕಾಯುತ್ತಾರೆ ಎಂದು ನಾನು ಮಾತುಗಳನ್ನು ಜೋಡಿಸಿಕೊಂಡು ಕುಳಿತಿದ್ದೆ. ಅವರು ಎಂದಿನಂತೆ ಚೀಲವನ್ನು ಕೆಳಗಿಟ್ಟು, ‘ನಾನು ಅವರ ಹೆಸರು ಮತ್ತೆ ಬರ್ದಿಲ್ಲ ತಾಯಿ. ಜ್ವರ ಮತ್ತೆ ಬಂದಿತ್ತು’ ಎಂದರು. ಉತ್ತರದ ಕಾಗದವನ್ನು ನನ್ನ ಕೈಗೇ ಕೊಟ್ಟರು. ಗುಂಡಗಿನ ಅಕ್ಷರದಲ್ಲಿ ಮೂರೇ ಸಾಲು. ಹೆಸರು ಒಂದೇ. ಜ್ವರ ಬೇರೆ ಬೇರೆ ದಿನದ್ದು. ದಯವಿಟ್ಟು ತಾರೀಖು ನೋಡುವುದು.

ಅವರು ಹೋದ ಮೇಲೆ ಹಳೆಯ ಕಡತ ತೆಗೆದು ತಾರೀಖು ನೋಡಿದೆ. ನಿಜ ಹೇಳುತ್ತೇನೆ, ಆ ಮಧ್ಯಾಹ್ನವೇ ನನಗೆ ಎಲ್ಲ ಅರ್ಥವಾಯಿತು. ಅರ್ಥವಾಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನನ್ನ ಗುತ್ತಿಗೆ ಅದೇ ತಿಂಗಳು ಮುಂದುವರಿಯಬೇಕಿತ್ತು. ಹೊಗಳಿಸಿಕೊಂಡ ಪಟ್ಟಿ ತಪ್ಪು ಎಂದು ಹೇಳಿದರೆ ಏನಾಗುತ್ತದೋ ಎಂಬ ಭಯ. ಆ ಮೂರು ಸಾಲಿನ ಉತ್ತರವನ್ನು ಅಧಿಕಾರಿಗಳ ಮುಂದಿಡದೆ ಕಡತಕ್ಕೆ ಸೇರಿಸಿ, ದಾರ ಕಟ್ಟಿ, ಬೀರುವಿನಲ್ಲಿಟ್ಟೆ. ಗಡುವಿನೊಳಗೆ ಉತ್ತರ ಬಂದಿಲ್ಲ ಎಂದಾಯಿತು. ಅವರ ಸೇವಾ ಪುಸ್ತಕದಲ್ಲಿ ಸುಳ್ಳು ಸಂಖ್ಯೆ ಕೊಟ್ಟಿದ್ದಾರೆಂದು ಬರೆದು, ಅವರನ್ನು ಧರ್ಮಪುರದ ಕಡೆಗೆ ಎತ್ತಿ ಹಾಕಿದರು. ಹೋಗುವ ದಿನ ಎಲ್ಲರ ಮೇಜಿಗೂ ಬಂದು ಹೇಳಿ ಹೋದರು. ನನ್ನ ಮೇಜಿಗೂ ಬಂದರು. ‘ಬರ್ತೀನಿ ತಾಯಿ. ಆ ಹಟ್ಟಿ ಕಡೆ ಸ್ವಲ್ಪ ನೋಡ್ಕಳ್ರಿ’ ಎಂದರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹಟ್ಟಿಗಳಿಂದ ಜ್ವರದ ಪಟ್ಟಿ ಬರುವುದೇ ನಿಂತುಹೋಯಿತು. ನಾನು ಆ ಕಡೆಯ ಸಾಲಿನಲ್ಲಿ ಸೊನ್ನೆ ತುಂಬುತ್ತಾ ಬಂದೆ.

ಒಂದೂವರೆ ವರ್ಷ ಹೀಗೇ ಕಳೆಯಿತು. ಆಗ ಅಲ್ಲಿಯ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಒಬ್ಬರು ಬಂದರು. ಒಂದೇ ಹಟ್ಟಿಯಿಂದ ಬೆನ್ನು ನೋವು, ಸೊಂಟ ನೋವು, ಸಂಜೆ ಜ್ವರ, ಬೆವರು ಎಂದು ಬರುತ್ತಿದ್ದವರನ್ನು ನೋಡಿ ಅವರಿಗೆ ಅನುಮಾನ ಬಂದು ರಕ್ತ ಪರೀಕ್ಷೆಗೆ ಕಳಿಸಿದರು. ಬಂದ ಫಲಿತಾಂಶ ಖಚಿತವಲ್ಲ, ಕಂದು ರೋಗ (ಬ್ರೂಸೆಲ್ಲೋಸಿಸ್) ಇರಬಹುದು ಎಂದಷ್ಟೆ. ಕುರಿ ಮೇಕೆಗಳಿಂದ ಮನುಷ್ಯರಿಗೆ ತಗಲುವಂಥದ್ದು. ಕಂದು ಹಾಕಿದ, ಎಂದರೆ ಗರ್ಭ ಇಳಿದ, ಕುರಿಯನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬರುತ್ತದೆ. ಡಾಕ್ಟರಮ್ಮ ನನಗೆ ಫೋನ್ ಮಾಡಿ, ‘ಈ ಹಟ್ಟಿಯವರಿಗೆ ಹಿಂದೆ ಯಾರಿಗೆ ಎಷ್ಟು ಸಲ ಜ್ವರ ಬಂದಿತ್ತು, ನೋಡಿ ಹೇಳ್ತೀರಾ?’ ಎಂದರು. ಪರದೆಯ ಮೇಲೆ ಹನ್ನೊಂದು ಹೆಸರು. ನಿಜ ಗೊತ್ತಿದ್ದೂ ಪರದೆಯಲ್ಲಿದ್ದುದನ್ನೇ ಓದಿ, ‘ಎಲ್ಲರಿಗೂ ಒಂದೊಂದೇ ಸಲ ಡಾಕ್ಟ್ರೇ’ ಎಂದೆ.

‘ಹಾಗಾದ್ರೆ ಇದು ಆ ಕಾಯಿಲೆ ಅಲ್ಲ ಅನ್ಸುತ್ತೆ. ಯಾಕಂದ್ರೆ ಈ ಜ್ವರ ಬಂದು ಹೋಗಿ, ಮತ್ತೆ ಬರುತ್ತೆ. ಮತ್ತೆ ಮತ್ತೆ ಬರೋದೇ ಇದರ ಗುರುತು’ ಎಂದು ಅವರು ಫೋನ್ ಇಟ್ಟರು.

ಮೂರು ದಿನ ಊಟ ಸೇರಲಿಲ್ಲ. ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಎಂದು, ಅವರು ವರ್ಗವಾಗಿ ಹೋದ ಮೇಲೆ ಹಳೆಯ ಹಾಳೆಗಳನ್ನು ರದ್ದಿಗೆ ಕೊಟ್ಟಿದ್ದವಳೂ ನಾನೇ. ನಾಲ್ಕನೆಯ ದಿನ ರಜೆ ಹಾಕಿ ಹಿರಿಯೂರಿಗೆ ಹೋಗಿ, ಅಲ್ಲಿಂದ ಧರ್ಮಪುರದ ಬಸ್ಸು ಹತ್ತಿದೆ. ಶೇಂಗಾ ಕೀಳುವ ಕಾಲ. ಅವರು ಆರೋಗ್ಯ ಉಪಕೇಂದ್ರದ ಜಗಲಿಯ ಮೇಲೆ ಕುಳಿತು ಯಾರೋ ಕೊಟ್ಟ ಹಸಿ ಶೇಂಗಾ ಸುಲಿಯುತ್ತಿದ್ದರು. ತೆಳ್ಳಗಾಗಿದ್ದರು.

‘ಬರ್ರಿ ತಾಯಿ, ಕುಂತ್ಕಳ್ರಿ. ಇಂಥಾ ಬಿಸ್ಲಾಗೆ ಬಂದೀರಿ’ ಎಂದು ನೀರು ತಂದುಕೊಟ್ಟರು. ನಾನು ಬಾಯಿ ಬಿಡುವ ಮೊದಲೇ, ‘ಪುಸ್ತಕ ಬೇಕಾಗಿತ್ತಾ?’ ಎಂದರು. ಒಳಗೆ ಹೋಗಿ ಉದ್ದನೆಯ ನೋಟ್ ಪುಸ್ತಕ ತಂದರು. ಹಟ್ಟಿಗೊಂದು ಪುಟ, ಹೆಸರಿಗೊಂದು ಸಾಲು, ಸಾಲಿನಲ್ಲಿ ತಾರೀಖುಗಳು. ನಾನು ಅಳಿಸಿದ್ದೆಲ್ಲ ಅಲ್ಲಿ ಇತ್ತು.

‘ಆ ಹನ್ನೊಂದು ಜನದಾಗೆ ಈಗ ಎಷ್ಟು ಜನ ಎದ್ದು ಓಡಾಡ್ತಾವ್ರೆ?’ ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಅವರು ಮತ್ತೆ ಶೇಂಗಾ ಸುಲಿಯತೊಡಗಿದರು. ಆಮೇಲೆ, ‘ಸರ್, ಆ ನೋಟೀಸು...’ ಎಂದು ನಾನು ಶುರು ಮಾಡಿದೆ. ಅವರೇ ತಡೆದರು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಅವರು ತಡೆಯಲಿಲ್ಲ, ಕಾಯುತ್ತಾ ಕುಳಿತರು. ನಾನೇ ಮಾತು ಬಿಟ್ಟು ಪುಸ್ತಕದ ಪುಟ ತಿರುವತೊಡಗಿದೆ.

ಕೊನೆಗೆ ಅವರೇ ಹೇಳಿದರು. ‘ಒಂದು ಕಾಗ್ದ ಬರ್ಕೊಡ್ರಿ ತಾಯಿ, ಸಾಕು. ಇನ್ನು ಆರು ತಿಂಗ್ಳಿಗೆ ನಿವೃತ್ತಿ. ನನ್ ಸೇವಾ ಪುಸ್ತಕದಾಗೆ ಸುಳ್ಳು ಸಂಖ್ಯೆ ಅಂತ ಕುಂತೈತೆ. ಬೇರೆ ಏನರ ಬರ್ದಿದ್ರೆ ಬಿಟ್ಬಿಡ್ತಿದ್ದೆ. ಸೋಮಾರಿ ಅಂತ ಬರ್ದಿದ್ರೂ ಹೋಗ್ಲಿ ಅಂತಿದ್ದೆ. ಸುಳ್ಳು ಬರೀಲಿಲ್ಲ ನಾನು.’

ಬರೆದುಕೊಡುತ್ತೇನೆ ಸರ್, ಈ ವಾರವೇ ಎಂದೆ. ಅವರು ಬಸ್ಸಿನವರೆಗೂ ಬಂದು, ಒಂದು ಚೀಲ ಶೇಂಗಾ ಕೈಗಿಟ್ಟು ಹತ್ತಿಸಿದರು. ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಂದು, ‘ಪುಸ್ತಕ ಹುಷಾರು’ ಎಂದರು.

ಪುಸ್ತಕ ನೋಡಿ ಡಾಕ್ಟರಮ್ಮ ಕುರ್ಚಿಯಿಂದ ಎದ್ದುಬಿಟ್ಟರು. ಹಟ್ಟಿಯ ಹನ್ನೊಂದೂ ಜನರನ್ನು ಕರೆಸಿ ಆರು ವಾರದ ಔಷಧಿ ಶುರು ಮಾಡಿದರು. ಪಶು ವೈದ್ಯರನ್ನು ಕಳಿಸಿ ಕುರಿಗಳನ್ನೂ ನೋಡಿಸಿದರು. ಹತ್ತು ಜನ ಚೇತರಿಸಿಕೊಂಡರು. ಒಬ್ಬ ಹೆಂಗಸಿನ ಸೊಂಟದ ಕೀಲು ಮಾತ್ರ ಹಾಳಾಗಿತ್ತು. ‘ಒಂದು ವರ್ಷ ಮುಂಚೆ ಬಂದಿದ್ದರೆ ಉಳಿಸಬಹುದಿತ್ತು’ ಎಂದು ಡಾಕ್ಟರಮ್ಮ ಯಾರನ್ನೂ ದೂರದೆ, ಸುಮ್ಮನೆ ಹೇಳಿದರು. ಮುಂದಿನ ತಿಂಗಳ ಸಭೆಯಲ್ಲಿ ಎದ್ದು ನಿಂತು, ಈ ಮೇಡಂ ಕಷ್ಟಪಟ್ಟು ಹಳೆಯ ದಾಖಲೆ ಹುಡುಕಿ ತರದಿದ್ದರೆ ಕಾಯಿಲೆ ಗೊತ್ತಾಗುತ್ತಿರಲಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಹೂಗುಚ್ಛ ತಂದು ಕೊಟ್ಟರು. ಆ ಪುಸ್ತಕ ಯಾರದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಹೂಗುಚ್ಛ ಹಿಡಿದು ಫೋಟೋಕ್ಕೆ ನಿಂತೆ.

ಕಾಗದ ಬರೆದೆ. ಬರೆದು ಸಹಿಯೂ ಹಾಕಿದೆ. ಕೊಡಲಿಲ್ಲ. ಚಪ್ಪಾಳೆ ಬೀಳುವ ಮೊದಲು ಕೊಡುವುದು ಕಷ್ಟವಾಗಿತ್ತು, ಬಿದ್ದ ಮೇಲೆ ಕೊಡುವುದು ಸಾಧ್ಯವೇ ಇಲ್ಲ ಎನ್ನಿಸಿತು. ಮುಂದಿನ ವಾರ, ಗುತ್ತಿಗೆ ಮುಂದುವರಿದ ಮೇಲೆ, ಈ ಅಧಿಕಾರಿ ವರ್ಗವಾಗಿ ಹೋದ ಮೇಲೆ, ಹೀಗೆ ಒಂದೊಂದು ನೆಪ. ಅವರ ಬೀಳ್ಕೊಡುಗೆಗೆ ಕರೆ ಬಂದಿತ್ತು, ತಲೆನೋವು ಎಂದು ಹೋಗಲಿಲ್ಲ. ಆಮೇಲೆ ನನಗೆ ಚಿತ್ರದುರ್ಗದಲ್ಲೇ ಕೆಲಸ ಸಿಕ್ಕಿತು. ಮೇಜು ಖಾಲಿ ಮಾಡುವಾಗ ಆ ಕಾಗದವನ್ನು ಹರಿಯಲೂ ಆಗದೆ ಮನೆಗೆ ತಂದೆ. ಬೀರುವಿನಲ್ಲಿ ಮದುವೆಯ ಸೀರೆಯ ಅಡಿಯಲ್ಲಿ ನಾಲ್ಕು ವರ್ಷ ಇತ್ತು. ಸೀರೆ ತೆಗೆದಾಗಲೆಲ್ಲ ಸಿಗುತ್ತಿತ್ತು.

ಹನ್ನೊಂದನೆಯ ದಿನದ ಕಾರ್ಯ ಅವರು ಹುಟ್ಟಿದ ಹಟ್ಟಿಯಲ್ಲಿ ಎಂದು ಗುಂಪಿನಲ್ಲಿ ಬಂದಿತ್ತು, ಊರ ಹೆಸರಿಲ್ಲದೆ, ಮೊಬೈಲ್ ನಕ್ಷೆಯ ಗುರುತು ಮಾತ್ರ. ಕಾಗದವನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಬಸ್ಸು, ಅಲ್ಲಿಂದ ಆಟೋ. ಆಟೋ ಇಳಿದು ಊರಿನ ಬೋರ್ಡು ಓದಿದೆ. ಹನ್ನೊಂದು ಜನರ ಅದೇ ಹಟ್ಟಿ. ಅದು ಅವರ ಸ್ವಂತ ಊರು ಎಂದು ಅವರು ಒಂದು ದಿನವೂ ಹೇಳಿರಲಿಲ್ಲ.

ಚಪ್ಪರದ ಕೆಳಗೆ ಒಬ್ಬ ಮುದುಕಿ ಕೋಲು ಊರಿಕೊಂಡು, ಒಂದು ಪಕ್ಕಕ್ಕೆ ವಾಲಿ ನಡೆಯುತ್ತಾ ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಯಾರೋ ಅವರನ್ನು ಹೆಸರು ಹಿಡಿದು ಕೂಗಿದರು. ಆ ಹೆಸರು ನನಗೆ ಗೊತ್ತಿತ್ತು. ಪಟ್ಟಿಯ ಮೂರನೆಯ ಸಾಲು. ಐದು ತಿಂಗಳಲ್ಲಿ ಐದು ಸಲ ಇದ್ದದ್ದು, ನಾಲ್ಕು ಸಲ ನಾನು ಅಳಿಸಿದ್ದು. ಪಕ್ಕದವರನ್ನು ಕೇಳಿದೆ. ತೀರಿಕೊಂಡವರ ಅಕ್ಕ ಎಂದರು.

ನಾನು ಅಲ್ಲೇ ನಿಂತೆ. ಅವರು ಒಂದೇ ಒಂದು ಸಲ, ‘ಅದರಾಗೆ ನಮ್ಮಕ್ಕ ಅವ್ಳೆ ತಾಯಿ’ ಎಂದಿದ್ದರೆ ನಾನು ಅಷ್ಟು ಕಲ್ಲಾಗುತ್ತಿರಲಿಲ್ಲ ಎಂದು ಮನಸ್ಸು ಹೇಳಿತು. ಮರುಕ್ಷಣವೇ ಇನ್ನೊಂದೂ ಹೊಳೆಯಿತು. ಹಾಗೆ ಹೇಳಿದ್ದರೆ ನಾನು ಅವರ ಅಕ್ಕನೊಬ್ಬರನ್ನು ಮಾತ್ರ ನೋಡುತ್ತಿದ್ದೆ. ಉಳಿದ ಹತ್ತು ಜನ ಅಲ್ಲೇ ಇರುತ್ತಿದ್ದರು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಕ ನನ್ನ ಹತ್ತಿರ ಬಂದು ಮುಖ ದಿಟ್ಟಿಸಿದರು. ‘ಯಾರವ್ವ ನೀನು? ಆಫೀಸಿನೋಳಾ?’ ಹೌದು ಎಂದೆ. ‘ಧರ್ಮಪುರಕ್ಕೆ ಹೋಗಿ ಪುಸ್ತಕ ತಗಂಡು ಬಂದ ಕಂಪ್ಯೂಟರ್ ಅವ್ವ ನೀನೇನಾ?’ ಅದಕ್ಕೂ ಹೌದು ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ‘ನಿನ್ನಿಂದ್ಲೇ ನಂಗೆ ಔಷ್ದ ಸಿಕ್ತು ಅಂತ ನನ್ ತಮ್ಮ ಹೇಳಿದ್ದ ಕಣವ್ವ.’

ಬೈದಿದ್ದರೆ ನಿಂತುಕೊಳ್ಳುತ್ತಿದ್ದೆ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಾಗಿಲು ಎಳೆದು ಹಿಂದಿನ ಗೋಡೆ ತೋರಿಸಿದರು. ಇಡೀ ಮನೆಗೆ ನೀಲಿ ಬಣ್ಣ ಬಳಿದಿದ್ದರು, ಅಲ್ಲಿ ಮಾತ್ರ ಮೊರದಗಲದಷ್ಟು ಹಳೆಯ ಸುಣ್ಣ ಹಾಗೇ ಬಿಟ್ಟಿದ್ದರು. ಅದರ ತುಂಬ ಅವರ ಗುಂಡಗಿನ ಅಕ್ಷರ. ತಾರೀಖು, ಚುಕ್ಕಿ. ತಾರೀಖು, ಚುಕ್ಕಿ. ಒಂದು ಕಡೆ ಬರಹ ನಿಂತು ಅಂಗೈಯಗಲ ಖಾಲಿ. ಅದರ ಕೆಳಗೆ ಮತ್ತೆ ತಾರೀಖುಗಳು, ಚುಕ್ಕಿಯಿಲ್ಲದವು. ನಿವೃತ್ತಿಯಾದ ಮೇಲೂ ತಿಂಗಳಿಗೊಮ್ಮೆ ಬಂದು ಅಕ್ಕನ ಹಣೆ ಮುಟ್ಟಿ ನೋಡಿ ಬರೆದು ಹೋಗುತ್ತಿದ್ದರಂತೆ.

‘ಇಲ್ಲಿ ನೋಡವ್ವ, ಇಷ್ಟು ದಿನ ಅವನು ಬರ್ಲೇ ಇಲ್ಲ’ ಎಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು. ‘ಧರ್ಮಪುರಕ್ಕೆ ಹಾಕಿದ್ರು. ಯಾಕೋ ಏನೋ. ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ.’

ಆಗ ಹೇಳಿದೆ. ಹಾಕಿಸಿದ್ದು ನಾನು ಅಮ್ಮ ಎಂದು ಶುರು ಮಾಡಿ, ಕೆಂಪು ಸಾಲು, ಟಿಪ್ಪಣಿ, ಬೀರುವಿನಲ್ಲಿಟ್ಟ ಉತ್ತರ, ಹೂಗುಚ್ಛ, ಒಂದನ್ನೂ ಬಿಡದೆ ಹೇಳಿದೆ. ಅವರ ಸೊಂಟದ ಮಾತನ್ನೂ ಹೇಳಿದೆ. ಹೊರಗೆ ಎಲೆ ಹಾಕುವ ಗದ್ದಲ. ಅವರು ನನ್ನ ಕೈ ಬಿಟ್ಟು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೊರಗಿ ಕೇಳಿದರು. ನಾನು ಚೀಲದಿಂದ ಕಾಗದ ತೆಗೆದು ಅವರ ಮುಂದೆ ಹಿಡಿದೆ.

‘ಏನೈತೆ ಇದ್ರಾಗೆ? ನಂಗೆ ಓದಾಕೆ ಬರಲ್ಲ.’

‘ನಿಮ್ಮ ತಮ್ಮ ಸುಳ್ಳು ಬರೀಲಿಲ್ಲ ಅಂತ ಐತೆ ಅಮ್ಮ.’

ಅವರು ಕಾಗದವನ್ನು ಮುಟ್ಟಲಿಲ್ಲ. ‘ಅದು ನಂಗೆ ಗೊತ್ತಲ್ಲವ್ವ. ಜ್ವರ ನಂದೇ’ ಎಂದರು. ‘ಗೊತ್ತಿಲ್ದೋರಿಗೆ ಕೊಡು ಹೋಗು.’

ಬಾಗಿಲನ್ನು ಮತ್ತೆ ಗೋಡೆಗೆ ಸರಿಸಿ, ‘ಉಂಡು ಹೋಗು’ ಎಂದೂ ಸೇರಿಸಿದರು. ಕೈ ಮಾತ್ರ ಮತ್ತೆ ಹಿಡಿಯಲಿಲ್ಲ. ನಾನು ಪಂಕ್ತಿಯಲ್ಲಿ ಕುಳಿತು, ತಲೆ ಬಗ್ಗಿಸಿ ಉಂಡು ಬಂದೆ.

ಮರುದಿನ ಬೆಳಿಗ್ಗೆ ಹಳೆಯ ಕಚೇರಿಗೆ ಹೋದೆ. ಕಾಗದಗಳನ್ನು ತೆಗೆದುಕೊಳ್ಳುವ ಮೇಜಿನಲ್ಲಿ ನನಗೆ ಗುರುತಿಲ್ಲದ ಗುಮಾಸ್ತರು. ಓದಿ, ಕನ್ನಡಕದ ಮೇಲಿಂದ ನೋಡಿ, ‘ಈಗ ಯಾಕೆ ಮೇಡಂ ಇದು? ಅವ್ರೇ ಇಲ್ವಂತಲ್ಲ’ ಎಂದರು. ಸೇವಾ ಪುಸ್ತಕ ಇದೆಯಲ್ಲ, ಅದರಲ್ಲಿ ಸೇರಿಸಿ ಎಂದೆ. ನಿಮ್ಮ ಕೆಲಸಕ್ಕೆ ತೊಂದರೆ ಆಗಬಹುದು ಎಂದರು. ಆಗಲಿ ಎಂದೆ. ಅವರು ಮೊಹರನ್ನು ಮಸಿಗೆ ಒತ್ತಿ ಕಾಗದದ ಮೇಲೆ ಹೊಡೆದು, ನನ್ನ ಪ್ರತಿಯ ಮೇಲೂ ಹೊಡೆದು ಕೊಟ್ಟರು.

ಬಾಗಿಲ ಬಳಿ ನಿಂತು ತಾರೀಖು ನೋಡಿದೆ. ಸ್ಪಷ್ಟವಾಗಿ ಬಿದ್ದಿತ್ತು. ಅವರು ಸತ್ತು ಹನ್ನೆರಡನೆಯ ದಿನ.